ಲೈಗರ್ ಹೊಸ ಪ್ರಭೇದವಲ್ಲ: ದೊಡ್ಡ ಬೆಕ್ಕುಗಳ ಬೆರಕೆ ಸುತ್ತ ಇರುವ ಗೊಂದಲ

ಸಿಂಹಕ್ಕೂ ಹುಲಿಗೂ ಹುಟ್ಟಿದ ಮರಿಯ ವಿಡಿಯೊ ಆಗಾಗ ಫೋನಿಂದ ಫೋನಿಗೆ ಓಡಾಡುತ್ತದೆ. ಅದರ ಜೊತೆ ಒಂದು ತಲೆಬರಹವೂ ಇರುತ್ತದೆ. ‘ವಿಜ್ಞಾನಿಗಳು ಸೃಷ್ಟಿಸಿದ ಹೊಸ ಪ್ರಭೇದ’ ಅಂತಲೋ, ‘ಅಳಿವಿನಂಚಿನಲ್ಲಿರುವ ಅಪರೂಪದ ಪ್ರಾಣಿ’ ಅಂತಲೋ. ನೋಡಿದವರಿಗೆ ಸಹಜವಾಗಿಯೇ ಪ್ರಶ್ನೆಗಳು ಏಳುತ್ತವೆ. ಎರಡು ಪ್ರಾಣಿ ಕೂಡಿ ಮರಿ ಹಾಕುತ್ತವೆ ಅಂದಮೇಲೆ ಅವು ಬೇರೆ ಬೇರೆ ಪ್ರಭೇದ ಹೇಗಾದವು? ಆ ಮರಿಯ ವೈಜ್ಞಾನಿಕ ಹೆಸರೇನು? ಕಾಡಿಗೆ ಬಿಡಬಹುದಾ? ಹುಲಿಗಿರುವ ಕಾನೂನಿನ ರಕ್ಷಣೆ ಅದಕ್ಕೂ ಇದೆಯಾ?

ತಲೆಬರಹದ ಎರಡೂ ಮಾತು ತಪ್ಪು. ಲೈಗರ್ ಹೊಸ ಪ್ರಭೇದವಲ್ಲ, ಪ್ರಭೇದವೇ ಅಲ್ಲ. ಅಳಿವಿನಂಚಿನಲ್ಲೂ ಇಲ್ಲ, ಯಾಕೆಂದರೆ ಅಳಿಯುವುದಕ್ಕೆ ಕಾಡಿನಲ್ಲಿ ಅದರ ಸಂತತಿ ಎಂದೂ ಇರಲಿಲ್ಲ. ಪ್ರಶ್ನೆಗಳು ಮಾತ್ರ ಸರಿಯಾಗಿವೆ. ಅವುಗಳ ಬೆನ್ನು ಹತ್ತಿದರೆ ಲೈಗರ್‌ಗಿಂತ ಎಷ್ಟೋ ಮುಖ್ಯವಾದ ವಿಷಯವೊಂದು ಎದುರಾಗುತ್ತದೆ. ನೋಡೋಕೆ ಅಪ್ಪಟ ಹುಲಿ, ಅಪ್ಪಟ ಸಿಂಹದಂತೆಯೇ ಕಾಣುವ, ಆದರೆ ವಂಶದಲ್ಲಿ ಬೆರಕೆಯಿರುವ ಪ್ರಾಣಿಗಳ ಗತಿ ಏನು ಎಂಬ ವಿಷಯ ಅದು.

ಯಾರು ಯಾರಿಗೆ ಹುಟ್ಟಿದ್ದು

ಅಪ್ಪ ಸಿಂಹ, ಅಮ್ಮ ಹುಲಿಯಾದರೆ ಮರಿ ಲೈಗರ್. ಅಪ್ಪ ಹುಲಿ, ಅಮ್ಮ ಸಿಂಹವಾದರೆ ಟೈಗಾನ್. ಇವೆರಡೂ ಒಂದೇ ಅಲ್ಲ, ಬೆಳೆಯುವ ರೀತಿಯಲ್ಲೇ ವ್ಯತ್ಯಾಸವಿದೆ. ಚಿರತೆ ಅಪ್ಪ, ಸಿಂಹ ಅಮ್ಮ ಆದರೆ ಲೆಪಾನ್. ದಾಖಲಾದ ಮೊದಲ ಲೆಪಾನ್ ಹುಟ್ಟಿದ್ದು ಕೊಲ್ಹಾಪುರದಲ್ಲಿ, 1910ರಲ್ಲಿ. ಅದರ ಚರ್ಮ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೂಲಕ ರೆಜಿನಾಲ್ಡ್ ಪೊಕಾಕ್ ಎಂಬ ಪ್ರಾಣಿಶಾಸ್ತ್ರಜ್ಞನ ಕೈ ಸೇರಿತು. 1912ರಲ್ಲಿ ಆತ ಅದರ ಬಗ್ಗೆ ಬರೆದ. ಜಪಾನಿನ ನಿಶಿನೊಮಿಯಾದಲ್ಲಿ 1959ರಲ್ಲಿ ಮತ್ತು 1961ರಲ್ಲಿ ಲೆಪಾನ್ ಮರಿಗಳು ಹುಟ್ಟಿದವು. 2006ರಲ್ಲಿ ಕೆನಡಾದಲ್ಲಿ ಜಾಗ್ವಾರ್‌ಗೂ ಸಿಂಹಕ್ಕೂ ಎರಡು ಮರಿ ಹುಟ್ಟಿದವು.

ಕೋಲ್ಕತ್ತಾದ ಆಲಿಪುರ ಮೃಗಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ 1971ರಲ್ಲಿ ರುದ್ರಾಣಿ ಎಂಬ ಹೆಣ್ಣು ಟೈಗಾನ್ ಹುಟ್ಟಿತು. ಅದನ್ನು ದೇವಬ್ರತ ಎಂಬ ಏಷ್ಯಾ ಸಿಂಹದ ಜೊತೆ ಕೂಡಿಸಿದರು. ಮುಕ್ಕಾಲು ಭಾಗ ಸಿಂಹ, ಕಾಲು ಭಾಗ ಹುಲಿಯಾದ ಮರಿಗಳು ಬಂದವು. ಇವುಗಳನ್ನು ಲಿಟೈಗಾನ್ ಅಂತ ಕರೆದರು. ಅವುಗಳಲ್ಲಿ ಒಂದಾದ ಕ್ಯೂಬನಕಾನ್ 360 ಕೆಜಿಗಿಂತ ಜಾಸ್ತಿ ತೂಗುತ್ತಿತ್ತು.

ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಒಂದೇ. ಎಲ್ಲವೂ ಹುಟ್ಟಿದ್ದು ಬೋನಿನಲ್ಲಿ. ಕಾಡಿನಲ್ಲಿ ಲೈಗರ್ ಹುಟ್ಟಿದ ಒಂದೇ ಒಂದು ಖಚಿತ ದಾಖಲೆ ಇಲ್ಲ. ಇವತ್ತು ಕಾಡು ಸಿಂಹ ಮತ್ತು ಕಾಡು ಹುಲಿ ಒಂದೇ ಜಾಗದಲ್ಲಿ ಇಲ್ಲವಲ್ಲ, ಅದಕ್ಕೇ ಇರಬೇಕು ಅನಿಸಬಹುದು. ಅದು ಪೂರ್ತಿ ಉತ್ತರವಲ್ಲ. ಹಿಂದೆ ಭಾರತದಲ್ಲೂ ಪಶ್ಚಿಮ ಏಷ್ಯಾದಲ್ಲೂ ಎರಡರ ನೆಲೆಗಳು ಒಂದರ ಮೇಲೊಂದು ಚಾಚಿಕೊಂಡಿದ್ದವು. ಆದರೂ ಎರಡು ವಂಶಗಳು ಬೇರೆಯಾಗಿಯೇ ಉಳಿದವು. ಸಿಂಹ ಬಯಲು, ಕುರುಚಲು ಕಾಡು ಇಷ್ಟಪಡುತ್ತದೆ, ಗುಂಪಿನಲ್ಲಿ ಬದುಕುತ್ತದೆ. ಹುಲಿ ದಟ್ಟ ಕಾಡಿನ ಒಂಟಿ ಪ್ರಾಣಿ. ಬೆದೆಗೆ ಕರೆಯುವ ರೀತಿ, ಸಂಗಾತಿಯನ್ನು ಒಪ್ಪುವ ರೀತಿ, ಎಲ್ಲವೂ ಬೇರೆ. ಮರಿಯಿಂದ ಜೊತೆಗೇ ಬೆಳೆಸಿ, ಬೇರೆ ಆಯ್ಕೆಯೇ ಇಲ್ಲದಂತೆ ಕೂಡಿಟ್ಟಾಗ ಮಾತ್ರ ಆ ಗೋಡೆ ಬೀಳುತ್ತದೆ.

ಮರಿ ಹುಟ್ಟುವುದಾದರೂ ಹೇಗೆ

ಹುಲಿ, ಸಿಂಹ, ಚಿರತೆ, ಜಾಗ್ವಾರ್, ಹಿಮ ಚಿರತೆ. ಈ ಐದೂ ಪ್ಯಾಂಥೆರಾ ಎಂಬ ಒಂದೇ ಕುಲಕ್ಕೆ ಸೇರಿದವು. ಐದಕ್ಕೂ ತಲಾ 38 ವರ್ಣತಂತುಗಳಿವೆ. ಕುದುರೆಗೆ 64, ಕತ್ತೆಗೆ 62 ಇರುವುದರಿಂದ ಹೇಸರಗತ್ತೆಗೆ 63 ಬರುತ್ತದೆ. ವೀರ್ಯವೋ ಅಂಡವೋ ತಯಾರಾಗುವಾಗ ಆ ಬೆಸಸಂಖ್ಯೆ ಜೋಡಿಯಾಗದೆ ಎಲ್ಲ ಎಡವಟ್ಟಾಗುತ್ತದೆ. ಲೈಗರ್‌ನಲ್ಲಿ ಆ ತೊಂದರೆ ಇಲ್ಲ. ಅಪ್ಪನಿಂದ 19, ಅಮ್ಮನಿಂದ 19. ಹಾಗಾಗಿ ಭ್ರೂಣ ಬೆಳೆಯುತ್ತದೆ, ಮರಿ ಹುಟ್ಟುತ್ತದೆ.

ಹಾಗಂತ ಹುಲಿ ಮತ್ತು ಸಿಂಹ ತೀರಾ ಹತ್ತಿರದ ನೆಂಟರೇನಲ್ಲ. ಸಿಂಹ, ಚಿರತೆ, ಜಾಗ್ವಾರ್ ಒಂದು ಕವಲು. ಹುಲಿಗೆ ಎಲ್ಲಕ್ಕಿಂತ ಹತ್ತಿರದ್ದು ಹಿಮ ಚಿರತೆ. ಈ ಎರಡು ಕವಲು ಬೇರೆಯಾಗಿ ಕೆಲವು ದಶಲಕ್ಷ ವರ್ಷಗಳೇ ಆಗಿವೆ. ಕುಲವೇ ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಸುಮಾರು 1900ರ ಹೊತ್ತಿಗೆ ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್‌ನ ಪ್ರಾಣಿ ಸಂಗ್ರಹದಲ್ಲಿ ಪ್ಯೂಮಾ (ಅಮೆರಿಕ ಖಂಡಗಳ ಒಂದು ಕಾಡುಬೆಕ್ಕು) ಮತ್ತು ಚಿರತೆಯ ಬೆರಕೆ ಮರಿಗಳು ಹುಟ್ಟಿದವು. ಅವು ಕುಳ್ಳಗೆ ಉಳಿದವು.

ಮರಿ ಹುಟ್ಟಿತು, ಸರಿ. ಅದಕ್ಕೆ ಮರಿಯಾಗುತ್ತದಾ? ಇಲ್ಲಿ ಗಂಡು ಹೆಣ್ಣಿನ ಲೆಕ್ಕ ಬೇರೆ ಬೇರೆ. ಗಂಡು ಲೈಗರ್, ಗಂಡು ಟೈಗಾನ್‌ಗಳಿಗೆ ಮಕ್ಕಳಾಗುವುದಿಲ್ಲ. ಹೆಣ್ಣಿಗೆ ಆಗಬಹುದು. ರುದ್ರಾಣಿಗೆ ಆದದ್ದು ಹಾಗೆ. 2012ರಲ್ಲಿ ರಷ್ಯಾದ ನೊವೊಸಿಬಿರ್ಸ್ಕ್ ಮೃಗಾಲಯದಲ್ಲಿ ಹೆಣ್ಣು ಲೈಗರ್ ಒಂದು ಸಿಂಹದಿಂದ ಮರಿ ಪಡೆದದ್ದೂ ಹಾಗೆಯೇ. ಈ ವ್ಯತ್ಯಾಸವನ್ನು 1922ರಲ್ಲೇ ಗುರುತಿಸಿದವರು ಬ್ರಿಟನ್ನಿನ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಕೊನೆಗಾಲದಲ್ಲಿ ಭಾರತದ ಪ್ರಜೆಯಾಗಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್. ಎರಡು ಪ್ರಭೇದ ಕೂಡಿದಾಗ ಒಂದು ಲಿಂಗದ ಮರಿಗಳು ಮಾತ್ರ ಹುಟ್ಟದೆ ಹೋದರೆ ಅಥವಾ ಬಂಜೆಯಾದರೆ, ಅದು ಎರಡು ಬೇರೆ ಥರದ ಲಿಂಗ ವರ್ಣತಂತು ಇರುವ ಲಿಂಗವೇ ಆಗಿರುತ್ತದೆ ಎಂದು ಅವರು ತೋರಿಸಿದರು. ಬೆಕ್ಕುಗಳಲ್ಲಿ ಗಂಡಿಗೆ ಒಂದು ಎಕ್ಸ್, ಒಂದು ವೈ. ಆ ಒಂದೇ ಎಕ್ಸ್‌ನಲ್ಲಿರುವ ಜೀನ್ ಇನ್ನೊಂದು ಪ್ರಭೇದದ ಜೀನ್‌ಗಳ ಜೊತೆ ಹೊಂದದಿದ್ದರೆ ಮುಚ್ಚಿಹಾಕೋಕೆ ಇನ್ನೊಂದು ಪ್ರತಿ ಇರುವುದಿಲ್ಲ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಅದು ಹೇಗೋ ಪಾರಾಗುತ್ತದೆ.

ಲೈಗರ್ ಅಷ್ಟು ದೊಡ್ಡದಾಗಲು ಕಾರಣ

ಅಮೆರಿಕದ ಹರ್ಕ್ಯುಲಿಸ್ ಎಂಬ ಲೈಗರ್‌ನ ತೂಕ 418.2 ಕೆಜಿ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಗಂಡು ಸಿಂಹವೊಂದು ಸಾಮಾನ್ಯವಾಗಿ 150ರಿಂದ 250 ಕೆಜಿ ಇರುತ್ತದೆ. ಟೈಗಾನ್ ಮಾತ್ರ ಅಪ್ಪ ಅಮ್ಮನನ್ನು ಮೀರಿ ಬೆಳೆಯುವುದಿಲ್ಲ. ಅದೇ ಎರಡು ಪ್ರಭೇದ, ಅಪ್ಪ ಅಮ್ಮ ಅದಲು ಬದಲು, ಇಷ್ಟೇ ವ್ಯತ್ಯಾಸ. ಹಾಗಿದ್ದೂ ಹೀಗಾಗುವುದೇಕೆ?

ಹೆಚ್ಚಿನವರು ಒಪ್ಪುವ ವಿವರಣೆ ಹೀಗಿದೆ. ಕೆಲವು ಜೀನ್‌ಗಳು ಅಪ್ಪನಿಂದ ಬಂದರೆ ಮಾತ್ರ ಕೆಲಸ ಮಾಡುತ್ತವೆ, ಕೆಲವು ಅಮ್ಮನಿಂದ ಬಂದರೆ ಮಾತ್ರ. ಸಿಂಹದ ಗುಂಪಿನಲ್ಲಿ ಒಂದು ಹೆಣ್ಣನ್ನು ಹಲವು ಗಂಡುಗಳು ಕೂಡಬಹುದು, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರೂ ಇರಬಹುದು. ಅಂಥಲ್ಲಿ ತನ್ನ ಮರಿ ಉಳಿದವಕ್ಕಿಂತ ದೊಡ್ಡದಾಗಿ ಬೆಳೆದರೆ ಅಪ್ಪನಿಗೆ ಲಾಭ. ಹಾಗಾಗಿ ಗಂಡು ಸಿಂಹದ ಕಡೆಯ ಜೀನ್‌ಗಳು ಬೆಳವಣಿಗೆಯ ಆಕ್ಸಿಲರೇಟರ್ ಒತ್ತುತ್ತವೆ. ಎಲ್ಲ ಮರಿಗಳನ್ನೂ ಹೊತ್ತು ಸಾಕಬೇಕಾದ ಹೆಣ್ಣು ಸಿಂಹದ ಜೀನ್‌ಗಳು ಅಷ್ಟೇ ಬಲವಾಗಿ ಬ್ರೇಕ್ ಹಾಕುತ್ತವೆ. ಹುಲಿಯ ಲೋಕದಲ್ಲಿ ಸಾಮಾನ್ಯವಾಗಿ ಒಂದು ಹೆಣ್ಣಿಗೆ ಆ ಪ್ರದೇಶದ ಒಂದೇ ಗಂಡು. ಪೈಪೋಟಿ ಕಡಿಮೆ ಇರುವುದರಿಂದ ಎರಡೂ ಕಡೆಯ ಒತ್ತಡವೂ ಕಡಿಮೆ. ಈಗ ಗಂಡು ಸಿಂಹ ಮತ್ತು ಹೆಣ್ಣು ಹುಲಿ ಕೂಡಿದರೆ ಆಕ್ಸಿಲರೇಟರ್ ಜೋರಾಗಿದೆ, ಬ್ರೇಕ್ ಮೆದು. ಮರಿ ಅಳತೆ ಮೀರಿ ಬೆಳೆಯುತ್ತದೆ. ಟೈಗಾನ್‌ನಲ್ಲಿ ಇದರ ತದ್ವಿರುದ್ಧ.

ಅಂದರೆ ಈ ಗಾತ್ರ ಲೈಗರ್‌ನ ಶಕ್ತಿಯ ಗುರುತೂ ಅಲ್ಲ, ಸುಧಾರಿತ ತಳಿಯ ಲಕ್ಷಣವೂ ಅಲ್ಲ. ಎರಡು ವಂಶಗಳು ತಮ್ಮೊಳಗೆ ಕಾಪಾಡಿಕೊಂಡು ಬಂದ ಸಮತೋಲ ತಪ್ಪಿಹೋದದ್ದರ ಫಲ ಅದು. ಅಷ್ಟು ದೊಡ್ಡ ಮರಿ ಹೆರುವ ಹೆಣ್ಣು ಹುಲಿಗೆ ಅಪಾಯ. ಆ ಭಾರ ಹೊತ್ತು ಬದುಕಬೇಕಾದ ಪ್ರಾಣಿಗೂ ಸುಖವಿಲ್ಲ. ವಿಡಿಯೊಗಳು ತೋರಿಸುವುದು ಗಾತ್ರವನ್ನು ಮಾತ್ರ, ಇದನ್ನಲ್ಲ.

ಹಾಗಾದರೆ ಪ್ರಭೇದ ಅಂದರೇನು

‘ಕೂಡಿ ಮರಿ ಹಾಕಿದರೆ ಒಂದೇ ಪ್ರಭೇದ’ ಎಂದು ಶಾಲೆಯಲ್ಲಿ ಕಲಿತದ್ದು ನಮ್ಮಲ್ಲಿ ಬಹಳ ಜನರ ನೆನಪಿನಲ್ಲಿದೆ, ಅಲ್ವಾ? ಗೊಂದಲದ ಬೇರು ಅಲ್ಲಿದೆ. 1942ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ ಕೊಟ್ಟ ವ್ಯಾಖ್ಯಾನ ಅದಕ್ಕಿಂತ ಸೂಕ್ಷ್ಮವಾದದ್ದು. ನಿಸರ್ಗದಲ್ಲಿ ತಮ್ಮತಮ್ಮಲ್ಲಿ ಸಂತಾನ ನಡೆಸುವ, ಬೇರೆ ಗುಂಪುಗಳಿಂದ ಸಂತಾನದ ಮಟ್ಟಿಗೆ ಬೇರೆಯಾಗಿರುವ ಗುಂಪೇ ಪ್ರಭೇದ ಎಂದು ಅವರು ಹೇಳಿದರು. ಇಲ್ಲಿ ತೂಕವಿರುವುದು ನಿಸರ್ಗ ಎಂಬುದಕ್ಕೆ. ಬೋನಿನಲ್ಲಿ ಏನು ಸಾಧ್ಯ ಎಂಬುದು ಅಳತೆಗೋಲಲ್ಲ. ಹಾಗೆ ನೋಡಿದರೆ ಹುಲಿ ಮತ್ತು ಸಿಂಹ ಬೇರೆ ಪ್ರಭೇದಗಳು ಎಂಬುದರಲ್ಲಿ ಅನುಮಾನವೇ ಇಲ್ಲ.

ಆದರೆ ಜೀನೋಮ್, ಅಂದರೆ ಪ್ರಾಣಿಯ ಪೂರ್ತಿ ಡಿಎನ್‌ಎ, ಓದಲು ಶುರುಮಾಡಿದ ಮೇಲೆ ನಿಸರ್ಗದ ಗೋಡೆಗಳೂ ಪೂರ್ತಿ ಗಟ್ಟಿಯಲ್ಲ ಎಂದು ತಿಳಿಯಿತು. 2016 ಮತ್ತು 2017ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ಬೆಕ್ಕಿನ ಕುಟುಂಬದಲ್ಲಿ ಬಹಳ ಹಿಂದೆ ನಡೆದ ಬೆರಕೆಯ ಗುರುತುಗಳನ್ನು ತೋರಿಸಿದವು. ಹಿಮ ಚಿರತೆಯ ವಂಶ ಹುಲಿಗೆ ಹತ್ತಿರ, ಆದರೆ ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಸಿಂಹಕ್ಕೆ ಹತ್ತಿರ. ಯಾವುದೋ ಕಾಲದಲ್ಲಿ ಸಿಂಹದ ಕವಲಿನ ಹೆಣ್ಣೊಂದು ಹಿಮ ಚಿರತೆಯ ಪೂರ್ವಜರ ಜೊತೆ ಕೂಡಿತ್ತು ಎಂಬುದು ಇದರ ಸರಳ ಅರ್ಥ.

ಇಲ್ಲಿಂದ ಎರಡು ವಾದಗಳು ಹೊರಡುತ್ತವೆ. ನಿಸರ್ಗವೇ ಬೆರಕೆ ಮಾಡಿದೆ, ಮನುಷ್ಯ ಮಾಡಿದರೆ ತಪ್ಪೇನು ಎನ್ನುವುದು ಒಂದು. ಪ್ರಭೇದ ಎಂಬುದೇ ಕಲ್ಪನೆ, ಗೆರೆ ಎಳೆಯುವುದನ್ನೇ ಬಿಡಿ ಎನ್ನುವುದು ಇನ್ನೊಂದು. ಎರಡೂ ಅವಸರದ ಮಾತು. ಹಳೆಯ ಬೆರಕೆಗಳ ಮರಿಗಳು ಕಾಡಿನಲ್ಲೇ ಬದುಕಿದವು. ಹೊಂದುವ ಜೀನ್‌ಗಳು ಉಳಿದವು, ಹೊಂದದವು ಸಾವಿರಾರು ತಲೆಮಾರುಗಳಲ್ಲಿ ಅಳಿಸಿಹೋದವು. ಆ ಸೋಸುವಿಕೆ ಬೋನಿನ ಲೈಗರ್‌ಗೆ ಇಲ್ಲ. ಇನ್ನು ಗಡಿ ಅಲ್ಲಲ್ಲಿ ಸೋರುತ್ತದೆ ಎಂದಮಾತ್ರಕ್ಕೆ ಗಡಿಯೇ ಇಲ್ಲ ಎಂದಾಗುವುದಿಲ್ಲ. ಇಷ್ಟೆಲ್ಲ ಆದಮೇಲೂ ಹುಲಿ ಹುಲಿಯಾಗಿ, ಸಿಂಹ ಸಿಂಹವಾಗಿಯೇ ಉಳಿದಿವೆ.

ಹೆಸರಿನ ವಿಷಯ ಬೇಗ ಮುಗಿಯುತ್ತದೆ. ಸಸ್ಯಗಳಲ್ಲಿ ಬೆರಕೆಗೆ ಗುಣಾಕಾರದ ಚಿಹ್ನೆ ಸೇರಿಸಿ ವೈಜ್ಞಾನಿಕ ಹೆಸರು ಕೊಡುವ ಪದ್ಧತಿ ಇದೆ. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಅದನ್ನು ಒಪ್ಪುವುದಿಲ್ಲ. ಹಾಗಾಗಿ ಲೈಗರ್‌ಗೆ ವೈಜ್ಞಾನಿಕ ಹೆಸರಿಲ್ಲ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ, ಅಂದರೆ ಯಾವ ಜೀವಿಗೆ ಎಷ್ಟು ಅಳಿವಿನ ಅಪಾಯ ಎಂದು ಹೇಳುವ ಪಟ್ಟಿಯಲ್ಲಿ, ಸ್ಥಾನವೂ ಇಲ್ಲ.

ಕಣ್ಣಿಗೆ ಕಾಣದ ಬೆರಕೆ

ಲೈಗರ್ ನೋಡಿದರೆ ಬೆರಕೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಒಂದೇ ಪ್ರಭೇದದ ಒಳಗೆ ಬೇರೆ ಬೇರೆ ಉಪಪ್ರಭೇದಗಳು, ಅಂದರೆ ಬೇರೆ ಬೇರೆ ಪ್ರದೇಶಗಳ ಗುಂಪುಗಳು, ಬೆರೆತರೆ ಗೊತ್ತಾಗುವುದಿಲ್ಲ. ಸಂರಕ್ಷಣೆಗೆ ನಿಜವಾದ ತಲೆನೋವು ತಂದಿರುವುದು ಇದು.

ಅಮೆರಿಕದ ಮೃಗಾಲಯಗಳು ಏಷ್ಯಾ ಸಿಂಹಗಳನ್ನು ಉಳಿಸಲು ಒಂದು ಸಂತಾನ ಯೋಜನೆ ನಡೆಸುತ್ತಿದ್ದವು. 1987ರಲ್ಲಿ ತಳಿವಿಜ್ಞಾನಿ ಸ್ಟೀಫನ್ ಒಬ್ರಯನ್ ಮತ್ತು ಸಂಗಡಿಗರು ಆ ಸಿಂಹಗಳ ವಂಶ ಪರೀಕ್ಷಿಸಿದರು. ಎಲ್ಲಕ್ಕೂ ಮೂಲವಾಗಿದ್ದ ಐದು ಸಿಂಹಗಳಲ್ಲಿ ಎರಡು ಆಫ್ರಿಕಾದ ಮೂಲದವು ಎಂದು ತಿಳಿಯಿತು. ವರ್ಷಗಳ ಶ್ರಮ ಅಲ್ಲಿಗೆ ನಿಂತಿತು. ಪಂಜಾಬಿನ ಛತ್‌ಬೀರ್ ಮೃಗಾಲಯದಲ್ಲೂ ಹೀಗೇ ಆಯಿತು. ಸರ್ಕಸ್ಸಿನಿಂದ ಬಂದ ಆಫ್ರಿಕಾ ಸಿಂಹಗಳು ಏಷ್ಯಾ ಸಿಂಹಗಳ ಜೊತೆ ಬೆರೆತವು, ಸಂಖ್ಯೆ ಬೆಳೆಯಿತು, ಆಮೇಲೆ ರೋಗ ತಡೆಯುವ ಶಕ್ತಿಯಿಲ್ಲದೆ ಸಿಂಹಗಳು ಸಾಯತೊಡಗಿದವು. ಕೊನೆಗೆ ಮುಂದೆ ಮರಿಯಾಗದಂತೆ ಗಂಡುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ‘ಬೆರಕೆಯಾದದ್ದಕ್ಕೇ ರೋಗ ಬಂತು’ ಎಂಬ ಮಾತು ಆಗ ಹಬ್ಬಿತು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊರಗಿನ ರಕ್ತ ಬೆರೆಯುವುದರಿಂದ ಸಾಮಾನ್ಯವಾಗಿ ವೈವಿಧ್ಯ ಹೆಚ್ಚುತ್ತದೆ, ಕುಗ್ಗುವುದಿಲ್ಲ. ಬೆರೆತ ಮೇಲೆ ಅದೇ ಚಿಕ್ಕ ಗುಂಪಿನಲ್ಲಿ ಅಣ್ಣ ತಂಗಿ, ಅಪ್ಪ ಮಗಳು ಮತ್ತೆ ಮತ್ತೆ ಕೂಡಿದರೆ ಕುಗ್ಗುತ್ತದೆ. ಅಂಥ ಮುಚ್ಚಿದ ಗುಂಪು ಅಪ್ಪಟವೇ ಆಗಿದ್ದರೂ ಒಂದು ದಿನ ಇದೇ ಸ್ಥಿತಿಗೆ ಬರುತ್ತದೆ.

ದುಧ್ವಾದ ತಾರಾಳ ವಿಷಯ ಇನ್ನೂ ಜಟಿಲ. ಇಂಗ್ಲೆಂಡಿನ ಟ್ವೈಕ್ರಾಸ್ ಮೃಗಾಲಯದಲ್ಲಿ ಹುಟ್ಟಿದ ಈ ಹೆಣ್ಣು ಹುಲಿಯನ್ನು ವನ್ಯಜೀವಿ ಸಂರಕ್ಷಕ ಬಿಲ್ಲಿ ಅರ್ಜನ್ ಸಿಂಗ್ 1976ರಲ್ಲಿ ತಂದು ಸಾಕಿ, 1978ರಲ್ಲಿ ಉತ್ತರ ಪ್ರದೇಶದ ದುಧ್ವಾ ಕಾಡಿಗೆ ಬಿಟ್ಟರು. ಅದು ಬಂಗಾಳ ಹುಲಿ ಎಂದೇ ಎಲ್ಲರೂ ತಿಳಿದಿದ್ದರು. ಅದರ ವಂಶದಲ್ಲಿ ಸೈಬೀರಿಯಾ ಹುಲಿಯ ರಕ್ತವೂ ಇತ್ತು. 1990ರ ದಶಕದಲ್ಲಿ ಅಲ್ಲಿನ ಕೆಲವು ಹುಲಿಗಳ ಮೈಬಣ್ಣ, ತಲೆಯ ಗಾತ್ರ ನೋಡಿ ಅನುಮಾನ ಬಂತು. ಕೂದಲಿನ ಮಾದರಿ ಪರೀಕ್ಷಿಸಿದಾಗ ಸೈಬೀರಿಯಾದ ಗುರುತು ಸಿಕ್ಕಿತು. ದೇಶದ ಹುಲಿ ವಂಶವನ್ನೇ ಕೆಡಿಸಿದರು ಎಂದು ಒಂದು ಪಕ್ಷ ಸಿಟ್ಟಾಯಿತು. ಆ ಹುಲಿಗಳು ಬೇಟೆಯಾಡಿ, ಮರಿ ಬೆಳೆಸಿ ಕಾಡಿನಲ್ಲಿ ಬದುಕುತ್ತಿವೆಯಲ್ಲ ಎಂದು ಇನ್ನೊಂದು ಪಕ್ಷ ಕೇಳಿತು. ಕಾಡಿನಲ್ಲಿ ಬೆರೆತದ್ದನ್ನು ಹೆಕ್ಕಿ ತೆಗೆಯಲು ಯಾರಿಂದಲೂ ಆಗುವುದಿಲ್ಲ. ಬಿಡುವ ಮುಂಚೆ ವಂಶ ತಿಳಿಯಬೇಕಿತ್ತು ಎಂಬುದು ಮಾತ್ರ ನಿಜ. ಆದರೆ ಅದಕ್ಕೆ ಬೇಕಾದ ಡಿಎನ್‌ಎ ಪರೀಕ್ಷೆ ಆ ಕಾಲದಲ್ಲಿ ಇರಲಿಲ್ಲ.

ಇದು ಒಂದೆರಡು ಪ್ರಾಣಿಗಳ ಮಾತಲ್ಲ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು 14 ದೇಶಗಳ 105 ಬೋನಿನ ಹುಲಿಗಳನ್ನು ಪರೀಕ್ಷಿಸಿತು. 49 ಮಾತ್ರ ಒಂದೇ ಉಪಪ್ರಭೇದದ ಅಪ್ಪಟ ವಂಶದವು. 52 ಬೆರಕೆ.

ಬೆರಕೆಯೇ ಉಳಿಸಿದ ಪ್ರಾಣಿ

ಇದರ ಎದುರಿಗೆ ಫ್ಲೋರಿಡಾದ ಪ್ಯೂಮಾಗಳನ್ನು ಇಟ್ಟು ನೋಡಬೇಕು. 1990ರ ದಶಕದ ಆರಂಭದಲ್ಲಿ ಅಲ್ಲಿ ಉಳಿದಿದ್ದದ್ದು 20ರಿಂದ 30 ಪ್ಯೂಮಾ. ರಕ್ತಸಂಬಂಧದೊಳಗೇ ಸಂತಾನ ನಡೆದು ನಡೆದು ಬಾಲ ಸೊಟ್ಟಗಾಗಿತ್ತು, ಹೃದಯದಲ್ಲಿ ದೋಷವಿತ್ತು, ಗಂಡುಗಳ ವೃಷಣ ಕೆಳಗಿಳಿಯುತ್ತಿರಲಿಲ್ಲ. 1995ರಲ್ಲಿ ಟೆಕ್ಸಾಸಿನಿಂದ, ಅಂದರೆ ಆಗಿನ ವರ್ಗೀಕರಣದ ಪ್ರಕಾರ ಬೇರೆ ಉಪಪ್ರಭೇದದಿಂದ, ಎಂಟು ಹೆಣ್ಣು ಪ್ಯೂಮಾ ತಂದು ಬಿಟ್ಟರು. ಐದು ಮರಿ ಹಾಕಿದವು. ದೋಷಗಳು ಕಡಿಮೆಯಾದವು. ಇವತ್ತು ಅಲ್ಲಿ 120ರಿಂದ 230 ಬೆಳೆದ ಪ್ಯೂಮಾಗಳಿವೆ ಎಂಬುದು ಅಧಿಕೃತ ಅಂದಾಜು. ರಕ್ತ ಅಪ್ಪಟವಾಗಿರಲಿ ಎಂದು ಸುಮ್ನೆ ಕೂತಿದ್ದರೆ ಅಪ್ಪಟವಾಗಿರಲು ಪ್ಯೂಮಾವೇ ಉಳಿಯುತ್ತಿರಲಿಲ್ಲ.

ಇದಕ್ಕೆ ಕಾನೂನೂ ಒಂದು ಅಡ್ಡಿಯಾಗಿತ್ತು. ಬೆರಕೆ ಪ್ರಾಣಿಗೆ ಅಳಿವಿನಂಚಿನ ಪ್ರಭೇದಗಳ ಕಾಯ್ದೆಯ ರಕ್ಷಣೆ ಇಲ್ಲ ಎಂಬ ನಿಲುವು ಅಮೆರಿಕದಲ್ಲಿ ಬಹಳ ಕಾಲ ಇತ್ತು. 1990ರಲ್ಲಿ ಅದನ್ನು ಹಿಂತೆಗೆದುಕೊಂಡರು. 1991ರಲ್ಲಿ ಆ ಹಳೆಯ ನಿಲುವನ್ನು ಟೀಕಿಸಿ ಬರೆದವರು ಅದೇ ಒಬ್ರಯನ್ ಮತ್ತು ಅದೇ ಅರ್ನ್ಸ್ಟ್ ಮೇಯರ್. ಸಿಂಹಗಳ ಬೆರಕೆ ಪತ್ತೆ ಮಾಡಿದವರೂ, ಪ್ರಭೇದಕ್ಕೆ ವ್ಯಾಖ್ಯಾನ ಕೊಟ್ಟವರೂ ಸೇರಿ, ಬೆರಕೆ ಎಂಬ ಕಾರಣಕ್ಕೇ ರಕ್ಷಣೆ ಕಿತ್ತುಕೊಳ್ಳಬೇಡಿ ಎಂದರು. ನನಗೆ ಈ ಇಡೀ ಚರ್ಚೆಯಲ್ಲಿ ಬಹಳ ಮುಖ್ಯ ಅನಿಸುವ ಘಟ್ಟ ಇದು.

ಈಗ ಕಾನೂನು ಎಲ್ಲಿದೆ

ಭಾರತದಲ್ಲಿ ಆಲಿಪುರದ ಪ್ರಯೋಗ 1985ರಲ್ಲಿ ನಿಂತಿತು. ಮೃಗಾಲಯಗಳು ಬೇರೆ ಪ್ರಭೇದಗಳನ್ನಾಗಲಿ, ಒಂದೇ ಪ್ರಭೇದದ ಬೇರೆ ತಳಿಗಳನ್ನಾಗಲಿ ಬೆರಕೆ ಮಾಡಬಾರದು ಎಂಬ ನಿಯಮ ಇದೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಬಂದ ಕಾಯ್ದೆ ಖಾಸಗಿಯವರು ದೊಡ್ಡ ಬೆಕ್ಕು ಸಾಕುವುದನ್ನು, ಜನ ಅವುಗಳ ಮರಿ ಮುಟ್ಟಿ ಫೋಟೊ ತೆಗೆಸಿಕೊಳ್ಳುವುದನ್ನು ತಡೆಯುತ್ತದೆ. ಅದರಲ್ಲಿ ಬೆರಕೆಗಳ ಹೆಸರೂ ಸ್ಪಷ್ಟವಾಗಿ ಇದೆ. ಅದು ಬೇಕೇ ಬೇಕಿತ್ತು, ಯಾಕೆಂದರೆ ಲೈಗರ್‌ಗಳು ಹೆಚ್ಚಾಗಿ ಹುಟ್ಟುತ್ತಿದ್ದದ್ದು ಇಂಥ ಪ್ರದರ್ಶನಗಳಿಗಾಗಿಯೇ. ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದವೂ ಹಿಂದಿನ ನಾಲ್ಕು ತಲೆಮಾರಿನಲ್ಲಿ ಪಟ್ಟಿಯ ಪ್ರಾಣಿ ಇದ್ದರೆ ಬೆರಕೆಗೂ ಅನ್ವಯಿಸುತ್ತದೆ. ಇಲ್ಲದಿದ್ದರೆ ಹುಲಿಯ ಚರ್ಮವನ್ನೇ ಲೈಗರ್ ಚರ್ಮ ಎಂದು ಹೇಳಿ ಗಡಿ ದಾಟಿಸಬಹುದಿತ್ತು.

ಲೈಗರ್ ಹುಟ್ಟಿಸಬಾರದು, ಹುಟ್ಟಿದ್ದನ್ನು ಚೆನ್ನಾಗಿ ನೋಡಿಕೊಳ್ಳಬೇಕು. ಇದರಲ್ಲಿ ಸಂರಕ್ಷಣೆಯ ಜನರ ನಡುವೆ ಹೆಚ್ಚು ಜಗಳವಿಲ್ಲ. ಜಗಳ ಇರುವುದು ಮುಂದಿನದರಲ್ಲಿ.

ಗೆರೆಯೇ ಬದಲಾದರೆ

2017ರಲ್ಲಿ ಐಯುಸಿಎನ್‌ನ ಬೆಕ್ಕು ತಜ್ಞರ ಗುಂಪು ಇಡೀ ಕುಟುಂಬದ ವರ್ಗೀಕರಣ ಪರಿಷ್ಕರಿಸಿತು. ಹುಲಿಯಲ್ಲಿ ಎರಡೇ ಉಪಪ್ರಭೇದ ಎಂದಿತು: ಏಷ್ಯಾದ ನೆಲದ ಹುಲಿಗಳೆಲ್ಲ ಒಂದು, ಸುಮಾತ್ರಾ ಕಡೆಯ ದ್ವೀಪಗಳವು ಇನ್ನೊಂದು. ಸಿಂಹಕ್ಕೂ ಎರಡೇ. ಗುಜರಾತಿನ ಗಿರ್ ಸಿಂಹಗಳು, ಅಂದರೆ ಏಷ್ಯಾ ಸಿಂಹಗಳು, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಸಿಂಹಗಳ ಜೊತೆ ಒಂದೇ ಉಪಪ್ರಭೇದಕ್ಕೆ ಸೇರಿದವು. ಪೂರ್ವ ಮತ್ತು ದಕ್ಷಿಣ ಆಫ್ರಿಕಾದವು ಬೇರೆ.

ಇದರ ಪರಿಣಾಮ ನೋಡಿ. ಹೊಸ ಪಟ್ಟಿಯ ಪ್ರಕಾರ ಬಂಗಾಳ ಮತ್ತು ಸೈಬೀರಿಯಾ ಹುಲಿ ಒಂದೇ ಉಪಪ್ರಭೇದ. ಅಂದರೆ ತಾರಾ ಕಾಗದದ ಮೇಲೆ ಬೆರಕೆಯೇ ಅಲ್ಲ. ಹುಲಿಯಲ್ಲಿ ಏನೂ ಬದಲಾಗಿಲ್ಲ, ಗೆರೆ ಬದಲಾಗಿದೆ. ಎಲ್ಲರೂ ಇದನ್ನು ಒಪ್ಪಿಲ್ಲ. 2018ರಲ್ಲಿ 32 ಹುಲಿಗಳ ಪೂರ್ತಿ ಜೀನೋಮ್ ಓದಿದ ಅಧ್ಯಯನವೊಂದು ಆರು ಉಪಪ್ರಭೇದಗಳು ಸ್ಪಷ್ಟವಾಗಿ ಕಾಣುತ್ತವೆ ಎಂದಿತು. ಎರಡು ಎನ್ನುವವರ ಕಾಳಜಿ ಏನೆಂದರೆ, ಗೆರೆ ಜಾಸ್ತಿಯಾದಷ್ಟೂ ಪ್ರತಿ ಗುಂಪೂ ಚಿಕ್ಕದಾಗುತ್ತದೆ, ಫ್ಲೋರಿಡಾದಲ್ಲಿ ಮಾಡಿದಂಥ ನೆರವು ಕಷ್ಟವಾಗುತ್ತದೆ. ಆರು ಎನ್ನುವವರ ಕಾಳಜಿಯೂ ಅಷ್ಟೇ ಗಂಭೀರ. ಹಿಮದಲ್ಲಿ ಬದುಕಲು ಒಗ್ಗಿಕೊಂಡದ್ದನ್ನೂ ಬಿಸಿಲು ಕಾಡಿಗೆ ಒಗ್ಗಿಕೊಂಡದ್ದನ್ನೂ ಒಂದೇ ಎಂದು ಬೆರೆಸಿದರೆ, ಸಾವಿರಾರು ವರ್ಷಗಳಲ್ಲಿ ಗಳಿಸಿದ ಗುಣಗಳು ಕೆಲವೇ ತಲೆಮಾರುಗಳಲ್ಲಿ ಕರಗಬಹುದು.

ಭಾರತದಲ್ಲಿ ಈ ಪ್ರಶ್ನೆ ಗಟ್ಟಿಯಾಗಿ ಎದುರಾಗುವುದು ಗಿರ್ ಸಿಂಹಗಳ ವಿಷಯದಲ್ಲಿ. 2025ರ ಗಣತಿಯಲ್ಲಿ 891 ಸಿಂಹಗಳಿದ್ದವು. ಸಂಖ್ಯೆ ಚೆನ್ನಾಗಿದೆ, ಆದರೆ ಎಲ್ಲವೂ ಒಂದು ಕಾಲದಲ್ಲಿ ಉಳಿದಿದ್ದ ಬೆರಳೆಣಿಕೆಯ ಸಿಂಹಗಳ ವಂಶ, ಜೀನ್‌ಗಳ ವೈವಿಧ್ಯ ತೀರಾ ಕಡಿಮೆ. 2018ರಲ್ಲಿ ನಾಯಿಗಳಿಂದ ಹರಡುವ ಡಿಸ್ಟೆಂಪರ್ ವೈರಸ್ ಸೇರಿದಂತೆ ಸೋಂಕುಗಳು ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳನ್ನು ಬಲಿ ತೆಗೆದುಕೊಂಡವು. ಹೊರಗಿನ ರಕ್ತ ತರುವ ಮಾತು ಮುಂದೆ ಎಂದಾದರೂ ಬಂದರೆ, ಹಳೆಯ ಪಟ್ಟಿಯಲ್ಲಿ ಅದು ಬೆರಕೆ, ಹೊಸ ಪಟ್ಟಿಯಲ್ಲಿ ಪಶ್ಚಿಮ ಆಫ್ರಿಕಾದ ಸಿಂಹ ತಂದರೆ ಬೆರಕೆಯಲ್ಲ. ಆದರೆ ಪಶ್ಚಿಮ ಆಫ್ರಿಕಾದಲ್ಲಿ ಉಳಿದಿರುವ ಸಿಂಹಗಳೇ ಕೆಲವು ನೂರು, ಅವೂ ಅಳಿವಿನಂಚಿನಲ್ಲಿವೆ. ಅದಕ್ಕಿಂತ ಮೊದಲು ಮಾಡಬಹುದಾದ, ಯಾರ ವರ್ಗೀಕರಣಕ್ಕೂ ಕಾಯಬೇಕಿಲ್ಲದ ಕೆಲಸ ಎಂದರೆ ಗಿರ್‌ನ ಕೆಲವು ಸಿಂಹಗಳಿಗೆ ದೂರದಲ್ಲಿ ಎರಡನೇ ನೆಲೆ ಕೊಡುವುದು. ವೈವಿಧ್ಯ ಅದರಿಂದ ಹೆಚ್ಚುವುದಿಲ್ಲ, ಆದರೆ ಒಂದೇ ಸೋಂಕಿಗೆ ಎಲ್ಲವೂ ಬಲಿಯಾಗುವ ಅಪಾಯ ತಪ್ಪುತ್ತದೆ. ಮಧ್ಯಪ್ರದೇಶದ ಕುನೊಗೆ ಸಿಂಹಗಳನ್ನು ಕಳಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. ಕುನೊಗೆ 2022ರಲ್ಲಿ ಆಫ್ರಿಕಾದ ಚೀತಾಗಳು ಬಂದವು. ಗಿರ್‌ನಿಂದ ಸಿಂಹಗಳು ಇನ್ನೂ ಹೋಗಿಲ್ಲ.